ಬಿನೆಯ ಅಳತೆಗೋಲು, ನನ್ನ ರೆಕಾರ್ಡ್ ಬುಕ್

ಬಿ.ಇಡಿ. ಓದಿದವರಿಗೆ ಗೊತ್ತಿರುತ್ತದೆ, ಮನೋವಿಜ್ಞಾನದ ಪ್ರಾಯೋಗಿಕಕ್ಕೆ ಒಂದು ರೆಕಾರ್ಡ್ ಬುಕ್ ಬರೆಯಬೇಕು. ನನ್ನ ಪಾಲಿಗೆ ಬಂದದ್ದು ಬುದ್ಧಿಶಕ್ತಿ ಪರೀಕ್ಷೆ. ಇಬ್ಬರು ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳಬೇಕು, ಉತ್ತರ ಸರಿಯಾದರೆ ಟಿಕ್ ಹಾಕಬೇಕು, ಕೂಡಿಸಿ ಮಗುವಿನ ಮಾನಸಿಕ ವಯಸ್ಸು ಎಷ್ಟೆಂದು ಲೆಕ್ಕ ಹಾಕಬೇಕು. ಕೊನೆಗೆ ನಿರ್ಣಯ ಎಂಬ ತಲೆಬರಹದ ಕೆಳಗೆ ಎರಡು ಸಾಲು. ದೀಪಾವಳಿ ರಜೆಗೆ ಊರಿಗೆ ಹೋದಾಗ ಅರ್ಧ ದಿನದಲ್ಲಿ ಮುಗಿಸಿಬಿಡೋಣ ಎಂದುಕೊಂಡು ಪೆಟ್ಟಿಗೆಯನ್ನು ಬ್ಯಾಗಿಗೆ ಹಾಕಿಕೊಂಡು ಬಸ್ ಹತ್ತಿದೆ.

ನಮ್ಮೂರು ಹಿರೇವಡ್ಡಟ್ಟಿ. ಗದಗ ಜಿಲ್ಲೆ, ಮುಂಡರಗಿ ತಾಲ್ಲೂಕು, ಕಪ್ಪತಗುಡ್ಡದ ಸೀಮೆ. ಮಳೆ ಕೈಹಿಡಿದ ವರ್ಷ ಶೇಂಗಾ, ಉಳ್ಳಾಗಡ್ಡಿ, ಜೋಳ. ಕೈಕೊಟ್ಟ ವರ್ಷ ಗೋವಾದ ಬಸ್ಸು, ಇಲ್ಲವೇ ಮಂಗಳೂರಿನ ಬಸ್ಸು. ಹೀಗೆ ದುಡಿಯಲು ಹೋದವರ ಮನೆಯ ಹುಡುಗನೊಬ್ಬ ಆಗ ತಾನೇ ಅಜ್ಜಿಯ ಹತ್ತಿರ ಬಂದು ನಮ್ಮ ಓಣಿಯಲ್ಲಿದ್ದ. ಅಪ್ಪ ಅವ್ವ ಇಬ್ಬರೂ ಗೋವಾದಲ್ಲಿ ಕಟ್ಟಡದ ಕೆಲಸಕ್ಕಿದ್ದಾರೆ. ಹುಡುಗನಿಗೆ ಏಳು ವರ್ಷ. ಎದುರು ಮನೆಯ ಹುಡುಗಿಗೂ ಏಳು. ಅವಳ ಅಪ್ಪ ಅಮ್ಮ ಇಬ್ಬರೂ ನೌಕರಿಯವರು. ಮೂರನೇ ವರ್ಷದಿಂದಲೇ ವ್ಯಾನಿನಲ್ಲಿ ನರ್ಸರಿಗೆ ಹೋದವಳು. ಮನೆಯಲ್ಲಿ ಚಿತ್ರದ ಪುಸ್ತಕಗಳ ರಾಶಿ ಇದೆ.

ಇಬ್ಬರನ್ನೂ ನಮ್ಮ ಪಡಸಾಲೆಯಲ್ಲಿ ಕೂರಿಸಿ ಹೆಸರು, ವಯಸ್ಸು, ಜಾತಿ, ತಂದೆಯ ಉದ್ಯೋಗ ಎಂಬ ಕಾಲಂಗಳನ್ನು ಗಟ್ಟಿಯಾಗಿ ಕೇಳುತ್ತಾ ತುಂಬಿದೆ. ಆಮೇಲೆ ಪರೀಕ್ಷೆ. ಹುಡುಗಿ ಪಟಪಟ ಉತ್ತರ ಕೊಟ್ಟಳು. ಹುಡುಗ ನೆಲ ನೋಡುತ್ತಿದ್ದ. ಬಣ್ಣದ ಪಟ್ಟಿ ತೋರಿಸಿ ಇದು ಯಾವ ಬಣ್ಣ ಎಂದರೆ ಏನೋ ಗೊಣಗಿದ. ನನಗೆ ಅರ್ಥವಾಗಲಿಲ್ಲ, ಸೊನ್ನೆ ಹಾಕಿದೆ. ಲೆಕ್ಕ ಹಾಕಿದಾಗ ಹುಡುಗಿ ತನ್ನ ವಯಸ್ಸಿಗಿಂತ ಒಂದು ವರ್ಷ ಮುಂದೆ, ಹುಡುಗ ಒಂದೂವರೆ ವರ್ಷಕ್ಕಿಂತ ಹೆಚ್ಚು ಹಿಂದೆ. ಬಾಲಕಿಯ ಬುದ್ಧಿಶಕ್ತಿ ಸಾಮಾನ್ಯಕ್ಕಿಂತ ಹೆಚ್ಚು, ಬಾಲಕನದು ಸಾಮಾನ್ಯಕ್ಕಿಂತ ಕಡಿಮೆ ಎಂದು ನೀಲಿ ಇಂಕಿನಲ್ಲಿ ಬರೆದು ಕೆಳಗೆ ಗೆರೆ ಎಳೆದೆ. ರಜೆ ಮುಗಿದ ಮೇಲೆ ಸಹಿಯೂ ಆಯಿತು.

ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷೆಯ ಇತಿಹಾಸ ಕೇಳುತ್ತಾರೆ ಎಂದು ಹಿರಿಯ ವಿದ್ಯಾರ್ಥಿಗಳು ಹೆದರಿಸಿದ್ದರು. ಪೆಟ್ಟಿಗೆಯ ಮೇಲಿದ್ದ ಹೆಸರು ಬಿನೆ-ಕಾಮತ್. ನಮ್ಮ ರಾಜ್ಯದಲ್ಲಿ ಮಗುವನ್ನು ಬುದ್ಧಿಶಕ್ತಿಯ ಪ್ರಮಾಣಪತ್ರಕ್ಕಾಗಿ ಆಸ್ಪತ್ರೆಗೆ ಕರೆದೊಯ್ದವರು ಈ ಹೆಸರು ಕೇಳಿರುತ್ತಾರೆ. ಇದರಲ್ಲಿ ಕಾಮತ್ ಎಂದರೆ ಡಾ. ವಿ.ವಿ. ಕಾಮತ್. ಫ್ರಾನ್ಸಿನ ಪರೀಕ್ಷೆಯನ್ನು 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿ, ಧಾರವಾಡದ ಮಕ್ಕಳ ಮೇಲೆ ಪ್ರಯೋಗಿಸಿ ನೋಡಿದವರು. ಅದಕ್ಕೆ ಮುಂಬೈ-ಕರ್ನಾಟಕ ಪರಿಷ್ಕರಣೆ ಎಂದೇ ಹೆಸರು. 1940ರಲ್ಲಿ ಅವರ ಪುಸ್ತಕ ಆಕ್ಸ್‌ಫರ್ಡ್ ಪ್ರಕಾಶನದಿಂದ ಬಂತು. ಗದಗ ಆಗ ಧಾರವಾಡ ಜಿಲ್ಲೆಯಲ್ಲೇ ಇತ್ತು, ಬೇರೆಯಾದದ್ದು 1997ರಲ್ಲಿ. ಹಾಗಾಗಿ ಈ ಅಳತೆಗೋಲು ನಮ್ಮ ಸೀಮೆಗೆ ಹೊರಗಿನದಲ್ಲ. ಆದರೆ ಅದನ್ನು ಮೊದಲು ಕಡೆದವರು ಬಿನೆ. ನೋಟ್ಸ್ ನೋಡಿ ನಾನು ಬಿನೆಟ್ ಎನ್ನುತ್ತಿದ್ದೆ. ಫ್ರೆಂಚರು ಕೊನೆಯ ಅಕ್ಷರ ನುಂಗುತ್ತಾರಂತೆ. ಒಂದು ಪುಟ ಓದಿ ಮುಗಿಸಬೇಕೆಂದು ಗ್ರಂಥಾಲಯಕ್ಕೆ ಹೋದವಳು ಆ ಮನುಷ್ಯನ ಜೀವನದಲ್ಲಿ ಒಂದು ವಾರ ಸಿಕ್ಕಿಹಾಕಿಕೊಂಡೆ.

ಆಲ್‌ಫ್ರೆಡ್ ಬಿನೆ ಹುಟ್ಟಿದ್ದು 1857ರ ಜುಲೈನಲ್ಲಿ, ಮೆಡಿಟರೇನಿಯನ್ ಕಡಲ ದಂಡೆಯ ನೀಸ್ ಎಂಬ ಊರಿನಲ್ಲಿ. ಆಗ ಆ ಊರು ಸಾರ್ಡಿನಿಯಾ ರಾಜ್ಯದ್ದು, ಮೂರು ವರ್ಷದ ಮೇಲೆ ಫ್ರಾನ್ಸಿಗೆ ಸೇರಿತು. ಅಪ್ಪ ವೈದ್ಯ, ಅಮ್ಮ ಚಿತ್ರ ಬರೆಯುವವರು. ಇವರೊಬ್ಬರೇ ಮಗ. ಅಪ್ಪ ಅಮ್ಮ ಬೇರೆಯಾದರು, ಹುಡುಗ ಅಮ್ಮನ ಬಳಿ ಬೆಳೆದ. ಮಗನ ಅಂಜುಬುರುಕತನ ಬಿಡಿಸಲು ಅಪ್ಪ ಅವನಿಂದ ಹೆಣ ಮುಟ್ಟಿಸಿದ್ದರು ಎಂಬ ಕಥೆ ಅವರ ಜೀವನ ಬರೆದವರೆಲ್ಲರ ಪುಸ್ತಕದಲ್ಲೂ ಬರುತ್ತದೆ. ಅಂಜಿಕೆ ಹೋಗಲಿಲ್ಲ, ಹೆಚ್ಚಾಯಿತು.

ಪ್ಯಾರಿಸ್ಸಿನ ಒಳ್ಳೆಯ ಶಾಲೆಯಲ್ಲಿ ಓದಿ, 1878ರಲ್ಲಿ ಕಾನೂನು ಪದವಿ ಪಡೆದರು. ವಕೀಲಿಕೆ ಬೇಡವಾಯಿತು. ಅಪ್ಪನ ದಾರಿಯಲ್ಲಿ ವೈದ್ಯಕೀಯಕ್ಕೆ ಸೇರಿದರು, ಅದೂ ಅರ್ಧಕ್ಕೆ ನಿಂತಿತು, ಮನಸ್ಸು ಕುಸಿಯಿತು. ಚೇತರಿಸಿಕೊಳ್ಳುತ್ತಾ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕೂತು ಮನೋವಿಜ್ಞಾನದ ಪುಸ್ತಕಗಳನ್ನು ಒಂದೊಂದಾಗಿ ಓದಿದರು. ಗುರು ಇಲ್ಲ, ಸಿಲೆಬಸ್ ಇಲ್ಲ. ಮನೆಯಲ್ಲಿ ಅನುಕೂಲವಿದ್ದುದರಿಂದ ಇದು ಸಾಧ್ಯವಾಯಿತು ಎಂಬುದನ್ನೂ ಹೇಳಿಬಿಡಬೇಕು. ನಮ್ಮ ಮನೆಯಲ್ಲಿ ಹೀಗೆ ಎರಡು ಕೋರ್ಸು ಬಿಟ್ಟಿದ್ದರೆ ಮೂರನೆಯದಕ್ಕೆ ಮದುವೆಯೇ ಗತಿ.

ಅವರ ಜೀವನದ ಒಂದು ಸಣ್ಣ ಘಟನೆ ನನಗೆ ತುಂಬಾ ಹತ್ತಿರವಾಯಿತು. ಹುಡುಗನಾಗಿದ್ದಾಗ ಒಂದು ಮೌಖಿಕ ಪರೀಕ್ಷೆಯಲ್ಲಿ ಗ್ರೀಕ್ ತತ್ವಜ್ಞಾನಿಯೊಬ್ಬನ ಬಗ್ಗೆ ತಪ್ಪು ಉತ್ತರ ಕೊಟ್ಟರು. ನಿನಗೆ ಈ ಜನ್ಮದಲ್ಲಿ ತತ್ವಜ್ಞಾನದ ಮನಸ್ಸು ಬರುವುದಿಲ್ಲ ಎಂಬರ್ಥದ ಮಾತನ್ನು ಪರೀಕ್ಷಕರು ಆಡಿದರು. ಬಿನೆ ಅದನ್ನು ಐವತ್ತು ದಾಟಿದ ಮೇಲೂ ಮರೆತಿರಲಿಲ್ಲ, 1909ರಲ್ಲಿ ಮಕ್ಕಳ ಬಗ್ಗೆ ಬರೆದ ಪುಸ್ತಕದಲ್ಲಿ ನೆನೆದರು. ಎಂದಿಗೂ ಇಲ್ಲ ಎಂದು ಒಬ್ಬ ಮಗುವಿಗೆ ಹೇಳುವುದು ಎಷ್ಟು ದೊಡ್ಡ ಮಾತು ಎಂಬುದೇ ಅಲ್ಲಿ ಅವರ ವಾದ.

1880ರ ದಶಕದಲ್ಲಿ ಪ್ಯಾರಿಸ್ಸಿನ ಸಾಲ್‌ಪೆಟ್ರಿಯೆರ್ ಆಸ್ಪತ್ರೆ ಎಂದರೆ ಶಾರ್ಕೊ ಎಂಬ ಮಹಾ ವೈದ್ಯರ ಸಾಮ್ರಾಜ್ಯ. ಬಿನೆ 1883ರಲ್ಲಿ ಅಲ್ಲಿಗೆ ಸೇರಿದರು. ಫೆರೆ ಎಂಬ ಗೆಳೆಯನ ಜೊತೆ ಸಂಮೋಹನದ ಪ್ರಯೋಗ ಮಾಡಿದರು. ರೋಗಿಯನ್ನು ಸಂಮೋಹನಕ್ಕೆ ಒಳಪಡಿಸಿ ಅಯಸ್ಕಾಂತ ಹಿಡಿದರೆ ಬಲಗೈಯ ಲಕ್ಷಣ ಎಡಗೈಗೆ ಹೋಗುತ್ತದೆ, ಸಂತೋಷ ದುಃಖವಾಗುತ್ತದೆ ಎಂದೆಲ್ಲ ಪ್ರಕಟಿಸಿದರು. ದೊಡ್ಡ ಸುದ್ದಿಯಾಯಿತು. ಬೆಲ್ಜಿಯಂನ ಡೆಲ್‌ಬಫ್ ಎಂಬ ವಿಜ್ಞಾನಿ ಬಂದು ನೋಡಿದರು. ಅಯಸ್ಕಾಂತ ಎಲ್ಲಿ ಹಿಡಿಯುತ್ತೇವೆ, ಏನಾಗಬೇಕು ಎಂಬುದನ್ನೆಲ್ಲ ರೋಗಿಯ ಎದುರೇ ಮಾತಾಡಿಕೊಳ್ಳುತ್ತಿದ್ದರು! ರೋಗಿ ಅವರಿಗೆ ಬೇಕಾದದ್ದನ್ನೇ ಮಾಡಿ ತೋರಿಸುತ್ತಿದ್ದಳು. ಬಿನೆ ಮೊದಲು ಜಗಳವಾಡಿದರು, ಹಠ ಹಿಡಿದರು, ಕೊನೆಗೆ ತಪ್ಪು ಎಂದು ಒಪ್ಪಿಕೊಂಡು 1890ರಲ್ಲಿ ಆ ಆಸ್ಪತ್ರೆ ಬಿಟ್ಟರು. ಮೂವತ್ತ ಮೂರನೇ ವಯಸ್ಸಿನಲ್ಲಿ ಹೆಸರು ಕೆಟ್ಟು, ಕೆಲಸವೂ ಇಲ್ಲದೆ ಮನೆಯಲ್ಲಿ ಕೂತರು.

ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದರು. 1884ರಲ್ಲಿ ಲಾರಾ ಬಾಲ್ಬಿಯಾನಿ ಎಂಬುವರನ್ನು ಮದುವೆಯಾಗಿದ್ದರು. 1885ರಲ್ಲಿ ಮಡ್ಲೆನ್, 1887ರಲ್ಲಿ ಆಲಿಸ್. ದೊಡ್ಡ ಆಸ್ಪತ್ರೆಯಲ್ಲಿ ಕಾಣದ್ದನ್ನು ಬಿನೆ ಈ ಮಕ್ಕಳಲ್ಲಿ ಕಂಡರು. ನಡೆಯಲು ಕಲಿಯುವಾಗ ದೊಡ್ಡವಳು ಮುಂದೆ ಹಿಡಿಯಲು ಕುರ್ಚಿ ಇದೆಯೇ ಎಂದು ನೋಡಿಕೊಂಡು ಹೆಜ್ಜೆ ಇಡುತ್ತಿದ್ದಳು. ಚಿಕ್ಕವಳು ಕೋಣೆಯ ನಡುವಿಗೆ ನುಗ್ಗುತ್ತಿದ್ದಳು, ಬೀಳುತ್ತಿದ್ದಳು, ಮತ್ತೆ ನುಗ್ಗುತ್ತಿದ್ದಳು. ಒಂದೇ ಮನೆ, ಒಂದೇ ಅನ್ನ, ಇಬ್ಬರ ಬುದ್ಧಿಯ ನಡೆಯೇ ಬೇರೆ. ಚಾಕು ಎಂದರೇನು, ಕುದುರೆ ಎಂದರೇನು ಎಂದು ಕೇಳಿದರೆ ಚಿಕ್ಕ ಮಕ್ಕಳು ಅದರಿಂದ ಏನು ಮಾಡುತ್ತೇವೆ ಎಂಬುದನ್ನೇ ಹೇಳುತ್ತಾರೆ ಎಂದು ಅಲ್ಲಿಯೇ ಗುರುತಿಸಿದರು. ಮುಂದೆ ಇದು ಪರೀಕ್ಷೆಯ ಪ್ರಶ್ನೆಯಾಯಿತು. ಸುಮಾರು ಹದಿಮೂರು ವರ್ಷ ಹೀಗೆ ನೋಡಿ, 1903ರಲ್ಲಿ ಮಕ್ಕಳ ಹೆಸರು ಬದಲಿಸಿ ಪುಸ್ತಕ ಬರೆದರು. ಮಗುವನ್ನು ಹತ್ತು ವರ್ಷ ನೋಡಿದವರು ಅರ್ಧ ಗಂಟೆಯ ಪರೀಕ್ಷೆ ಮಾಡಿದರು. ನಾನು ಅರ್ಧ ಗಂಟೆ ಮಾತ್ರ ನೋಡಿದ್ದೆ.

ಕೆಲಸ ಸಿಕ್ಕಿದ ಬಗೆಯೂ ಚೆನ್ನಾಗಿದೆ. 1891ರಲ್ಲಿ ರೈಲು ನಿಲ್ದಾಣವೊಂದರಲ್ಲಿ ಬೋನಿ ಎಂಬ ಪ್ರಾಧ್ಯಾಪಕರು ಸಿಕ್ಕರು. ಸೋರ್ಬಾನ್ ವಿಶ್ವವಿದ್ಯಾಲಯದ ಮನೋವಿಜ್ಞಾನ ಪ್ರಯೋಗಾಲಯ ಅವರದು. ಸಂಬಳವಿಲ್ಲದೆ ಕೆಲಸ ಮಾಡುತ್ತೇನೆ ಎಂದರು ಬಿನೆ. ಮೂರು ವರ್ಷದ ನಂತರ ಅದರ ನಿರ್ದೇಶಕರಾದರು. 1895ರಲ್ಲಿ ಫ್ರಾನ್ಸಿನ ಮೊದಲ ಮನೋವಿಜ್ಞಾನ ಪತ್ರಿಕೆಯನ್ನು ಶುರು ಮಾಡಿದರು. ಆದರೆ ಪ್ರಾಧ್ಯಾಪಕ ಹುದ್ದೆ ಸಾಯುವವರೆಗೂ ಸಿಗಲಿಲ್ಲ. ಎರಡು ಸಲ ಅರ್ಜಿ ಹಾಕಿದರು, ಎರಡೂ ಸಲ ಬೇರೆಯವರಿಗೆ ಹೋಯಿತು.

ಆ ದಿನಗಳ ಇನ್ನೊಂದು ಪ್ರಸಂಗ ನಮ್ಮೂರಿನ ಕುರಿಗಾಹಿಗಳಿಗೆ ಹೇಳಬೇಕು. ಇನಾಡಿ ಎಂಬ ಇಟಲಿಯ ಕುರಿ ಕಾಯುವ ಹುಡುಗ ಓದು ಬರಹ ಕಲಿಯುವ ಮೊದಲೇ ಬಾಯಲ್ಲೇ ದೊಡ್ಡ ದೊಡ್ಡ ಗುಣಾಕಾರ ಮಾಡುತ್ತಿದ್ದ, ವೇದಿಕೆ ಹತ್ತಿ ಪ್ರಸಿದ್ಧನಾಗಿದ್ದ. ಬಿನೆ ಅವನನ್ನು ಪರೀಕ್ಷಿಸಿದರು. ಪಕ್ಕದಲ್ಲಿ ಪ್ಯಾರಿಸ್ಸಿನ ದೊಡ್ಡ ಅಂಗಡಿಯ ಕ್ಯಾಷಿಯರುಗಳನ್ನೂ ಕೂರಿಸಿದರು. ಸಣ್ಣ ಗುಣಾಕಾರಗಳಲ್ಲಿ ದಿನವೂ ಅದೇ ಕೆಲಸ ಮಾಡುವ ಕ್ಯಾಷಿಯರ್ ಅವನಿಗಿಂತ ವೇಗವಾಗಿದ್ದ! ರೂಢಿ ಎಂಬುದು ಬುದ್ಧಿಯ ವೇಷ ಹಾಕಿಕೊಂಡು ಬರುತ್ತದೆ ಎಂದು ಬಿನೆಗೆ ಆಗಲೇ ತಿಳಿದಿತ್ತು.

ಈಗ ತಲೆ ಅಳೆದ ಕಥೆ. ಆ ಕಾಲದ ಪಂಡಿತರಿಗೆ ದೊಡ್ಡ ತಲೆ ಎಂದರೆ ದೊಡ್ಡ ಬುದ್ಧಿ. ಬಿನೆಯೂ ನಂಬಿದ್ದರು. ಶಾಲೆಗಳಿಗೆ ಹೋಗಿ, ಮೇಷ್ಟ್ರು ಜಾಣ ಎಂದವರ ಮತ್ತು ದಡ್ಡ ಎಂದವರ ತಲೆಗಳನ್ನು ಅಳೆದರು. ವ್ಯತ್ಯಾಸ ಮಿಲಿಮೀಟರುಗಳಲ್ಲಿ ಬಂತು, ಕೆಲವು ಕಡೆ ಅದೂ ಇಲ್ಲ. ಆಮೇಲೆ ಅವರಿಗೆ ತಮ್ಮ ಕೈಯ ಮೇಲೇ ಅನುಮಾನ ಬಂತು. ಈ ಮಗು ದಡ್ಡ ಎಂದು ಮೊದಲೇ ಗೊತ್ತಿದ್ದರೆ ನನ್ನ ಕೈ ತಾನಾಗಿ ಕಡಿಮೆ ಅಳೆಯುತ್ತಿದೆಯೇ? ಮತ್ತೆ ಅಳೆದು ನೋಡಿದರು. ಅಳೆಯುವವನ ಮನಸ್ಸು ಮಾಡುವ ವ್ಯತ್ಯಾಸ, ತಾವು ಹುಡುಕುತ್ತಿದ್ದ ವ್ಯತ್ಯಾಸದಷ್ಟೇ ದೊಡ್ಡದಿತ್ತು. ಇದನ್ನು ಮುಚ್ಚಿಡದೆ ಪ್ರಕಟಿಸಿ, ತಲೆ ಅಳೆಯುವುದನ್ನು ಬಿಟ್ಟರು. ಅಯಸ್ಕಾಂತದ ಪೆಟ್ಟು ತಿಂದವರಾದ್ದರಿಂದ ಈ ಸಲ ತಪ್ಪನ್ನು ಅವರೇ ಮೊದಲು ಕಂಡರು ಎಂದು ನನಗನಿಸುತ್ತದೆ.

ಫ್ರಾನ್ಸಿನಲ್ಲಿ 1880ರ ದಶಕದ ಆರಂಭದಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಯಿತು. ಹೊಲದ ಮಕ್ಕಳು, ಕಾರ್ಖಾನೆಯ ಮಕ್ಕಳು ಎಲ್ಲರೂ ಶಾಲೆಗೆ ಬಂದರು. ಕೆಲವರು ಹಿಂದೆ ಬಿದ್ದರು. ಈ ಮಕ್ಕಳನ್ನು ಏನು ಮಾಡುವುದು ಎಂದು ನೋಡಲು 1904ರಲ್ಲಿ ಸರ್ಕಾರ ಸಮಿತಿ ಮಾಡಿತು, ಬಿನೆ ಅದರಲ್ಲಿದ್ದರು. ಒಂದೇ ಮಗುವನ್ನು ಒಬ್ಬ ವೈದ್ಯ ಒಂದು ಹೆಸರಿನಿಂದ ಕರೆದರೆ ಇನ್ನೊಬ್ಬ ವೈದ್ಯ ಬೇರೆ ಹೆಸರಿಟ್ಟು ಕಳಿಸುತ್ತಿದ್ದ. ಗಲಾಟೆ ಮಾಡುವವನನ್ನು ಸಾಗಹಾಕಲು ಮೇಷ್ಟ್ರು ಮಂದಬುದ್ಧಿ ಎಂದು ಬರೆದುಬಿಟ್ಟರೂ ಕೇಳುವವರಿಲ್ಲ. ಒಬ್ಬರ ಮರ್ಜಿಯಿಂದ ಮಗು ಶಾಲೆಯಿಂದ ಆಚೆ ಹೋಗಬಾರದು, ಅದಕ್ಕೊಂದು ಸಮಾನ ಅಳತೆ ಬೇಕು ಎಂಬುದು ಬಿನೆಯ ಉದ್ದೇಶ. ಈ ಪರೀಕ್ಷೆ ಹುಟ್ಟಿದ್ದು ಮಗುವನ್ನು ಕಾಪಾಡಲು. ನನ್ನ ನೋಟ್ಸಿನಲ್ಲಿ ಈ ವಾಕ್ಯ ಇರಲಿಲ್ಲ.

ಸಿಮೋನ್ ಎಂಬ ತರುಣ ವೈದ್ಯನ ಜೊತೆ ಸೇರಿ 1905ರಲ್ಲಿ ಮೂವತ್ತು ಪರೀಕ್ಷೆಗಳ ಸರಣಿ ಮಾಡಿದರು. ಉರಿಯುವ ಕಡ್ಡಿಯನ್ನು ಮಗುವಿನ ಕಣ್ಣು ಹಿಂಬಾಲಿಸುತ್ತದೆಯೇ ಎಂಬುದರಿಂದ ಶುರು. ಮರದ ತುಂಡು ಮತ್ತು ಚಾಕೊಲೇಟಿನ ವ್ಯತ್ಯಾಸ ತಿಳಿಯುತ್ತದೆಯೇ, ಹೇಳಿದ ಅಂಕಿಗಳನ್ನು ತಿರುಗಿ ಹೇಳುತ್ತದೆಯೇ, ಹೀಗೆ ಮೇಲೇರುತ್ತಾ ಬೇಸರಕ್ಕೂ ದುಃಖಕ್ಕೂ ಏನು ವ್ಯತ್ಯಾಸ ಎನ್ನುವಲ್ಲಿಗೆ ಮುಗಿಯುತ್ತದೆ. 1908ರಲ್ಲಿ ಅವುಗಳನ್ನು ವಯಸ್ಸಿನ ಪ್ರಕಾರ ಜೋಡಿಸಿದರು. ಯಾವ ಪ್ರಶ್ನೆಗೆ ಏಳು ವರ್ಷದ ಹೆಚ್ಚಿನ ಮಕ್ಕಳು ಉತ್ತರಿಸುತ್ತಾರೋ ಅದು ಏಳರ ಪ್ರಶ್ನೆ. ಈ ಅಳತೆಗೆ ಆಧಾರವಾದ ಮಕ್ಕಳು ಪ್ಯಾರಿಸ್ಸಿನ ಬಡ ಓಣಿಗಳ ಸರ್ಕಾರಿ ಶಾಲೆಯವರು.

ಮುಂದಿನದು ನನ್ನ ನಿದ್ದೆ ಕೆಡಿಸಿದ ಭಾಗ. 1910ರಲ್ಲಿ ಬ್ರಸೆಲ್ಸಿನ ಡೆಕ್ರೊಲಿ ಎಂಬ ವೈದ್ಯರು ಮತ್ತು ಅವರ ಸಹೋದ್ಯೋಗಿ ದೆಗಾಂ ಇದೇ ಪರೀಕ್ಷೆಯನ್ನು ಒಂದು ಖಾಸಗಿ ಶಾಲೆಯ ಮಕ್ಕಳಿಗೆ ಕೊಟ್ಟರು. ಆ ಮಕ್ಕಳು ಪ್ಯಾರಿಸ್ಸಿನ ಮಕ್ಕಳಿಗಿಂತ ಸರಾಸರಿ ಒಂದೂವರೆ ವರ್ಷ ಮುಂದಿದ್ದರು. ಬೇರೆ ಯಾರಾದರೂ ಬೆಲ್ಜಿಯಂನವರು ಫ್ರೆಂಚರಿಗಿಂತ ಜಾಣರು ಎಂದು ಬರೆದು ಮುಗಿಸುತ್ತಿದ್ದರು. ಬಿನೆ ಕೇಳಿದ ಪ್ರಶ್ನೆ ಬೇರೆ: ಆ ಮಕ್ಕಳ ಅಪ್ಪಂದಿರು ಏನು ಮಾಡುತ್ತಾರೆ? ವೈದ್ಯರು, ಪ್ರಾಧ್ಯಾಪಕರು, ಅನುಕೂಲಸ್ಥರು. ತರಗತಿಯಲ್ಲಿ ಎಂಟು ಹತ್ತು ಮಕ್ಕಳು ಮಾತ್ರ. ಇನ್ನೂ ಒಂದು ಹೆಜ್ಜೆ ಹೋಗಿ ಯಾವ ಯಾವ ಪ್ರಶ್ನೆಯಲ್ಲಿ ಅಂತರ ಇದೆ ಎಂದು ಬಿಡಿಸಿ ನೋಡಿದರು. ಭಾಷೆಗೆ ಸಂಬಂಧಿಸಿದ, ಮನೆಯಲ್ಲಿ ಮಾತಿನ ನಡುವೆ ಕಲಿಯುವ ಪ್ರಶ್ನೆಗಳಲ್ಲಿ ಅಂತರ ಎದ್ದು ಕಾಣುತ್ತಿತ್ತು. 1911ರಲ್ಲಿ ಇದನ್ನೆಲ್ಲ ಬರೆದರು. ಅದೇ ಅವರ ಕೊನೆಯ ವರ್ಷ.

ಒಂದೂವರೆ ವರ್ಷ! ನಮ್ಮ ಪಡಸಾಲೆಯ ಹುಡುಗನ ಲೆಕ್ಕವೂ ಹೆಚ್ಚುಕಡಿಮೆ ಅದೇ. ರೆಕಾರ್ಡ್ ಬುಕ್ ತೆಗೆದು ಬಿನೆ ಮಾಡಿದ ಹಾಗೆ ನಾನೂ ಬಿಡಿಸಿ ನೋಡಿದೆ. ಕಡ್ಡಿ ಎಣಿಸುವುದು, ಚೌಕ ಬರೆಯುವುದು, ಮೂರು ಕೆಲಸ ಒಟ್ಟಿಗೆ ಹೇಳಿದರೆ ಕ್ರಮ ತಪ್ಪದೆ ಮಾಡುವುದು, ಇವುಗಳಲ್ಲಿ ಇಬ್ಬರಿಗೂ ಟಿಕ್ ಇತ್ತು. ಸೊನ್ನೆಗಳು ಇದ್ದದ್ದು ಹೆಸರು ಹೇಳು, ಅರ್ಥ ಹೇಳು, ಚಿತ್ರ ನೋಡಿ ವಿವರಿಸು ಎನ್ನುವಲ್ಲಿ. ಪರೀಕ್ಷೆ ಅಲ್ಲಿ ಅಂತರ ಇದೆ ಎಂದದ್ದು ಸುಳ್ಳಲ್ಲ. ಅಂತರ ಎಲ್ಲಿಂದ ಬಂತು ಎಂಬುದನ್ನು ಅದು ಹೇಳುವುದಿಲ್ಲ, ನಾನು ಹೇಳಿಬಿಟ್ಟಿದ್ದೆ.

ಬಿನೆ ಪರೀಕ್ಷೆ ಮಾಡಿ ಸುಮ್ಮನಾಗಲಿಲ್ಲ. ಬುದ್ಧಿ ಹುಟ್ಟಿದಷ್ಟೇ, ಬೆಳೆಯುವುದಿಲ್ಲ ಎನ್ನುವವರ ಮೇಲೆ ಅವರಿಗೆ ಸಿಟ್ಟಿತ್ತು. ಹಿಂದೆ ಬಿದ್ದ ಮಕ್ಕಳಿಗಾಗಿ ತೆರೆದ ತರಗತಿಗಳಲ್ಲಿ ಅಕ್ಷರಕ್ಕಿಂತ ಮೊದಲು ಗಮನ ಕಲಿಸುವ ಆಟಗಳಿದ್ದವು. ಡೊಂಕಾದ ಬೆನ್ನಿಗೆ ವ್ಯಾಯಾಮ ಇರುವಂತೆ ಮನಸ್ಸಿಗೂ ಇದೆ ಎಂಬುದು ಅವರ ಲೆಕ್ಕ. ನೀರು ತುಂಬಿದ ಬಟ್ಟಲನ್ನು ಚೆಲ್ಲದೆ ಒಂದು ಮೇಜಿನಿಂದ ಇನ್ನೊಂದಕ್ಕೆ ಒಯ್ಯಬೇಕು. ಹಲಗೆಯ ಮೇಲಿನ ವಸ್ತುಗಳನ್ನು ಕೆಲವು ಕ್ಷಣ ನೋಡಿ ಮುಚ್ಚಿದ ಮೇಲೆ ಹೇಳಬೇಕು. ಸನ್ನೆ ಮಾಡಿದ ಕೂಡಲೇ ಇದ್ದ ಭಂಗಿಯಲ್ಲೇ ಕಲ್ಲಾಗಿ ನಿಲ್ಲಬೇಕು. ಇದನ್ನು ಓದಿ ನಕ್ಕುಬಿಟ್ಟೆ. ನಮ್ಮ ಓಣಿಯಲ್ಲಿ ದಿನವೂ ಸಂಜೆ ಸ್ಟ್ಯಾಚು ಎಂದು ಕೂಗಿ ಆಡುವ ಆಟ ಇದೇ ಅಲ್ಲವೇ?

ಕೊನೆಯ ವರ್ಷಗಳಲ್ಲಿ ಹೆಂಡತಿಯ ಆರೋಗ್ಯ ಕೆಟ್ಟಿತ್ತು, ಅವರ ಮನಸ್ಸಿಗೂ ಮಂಕು ಕವಿದಿತ್ತು. ಇದರ ನಡುವೆ ಆಂಡ್ರೆ ದ ಲೋರ್ದ್ ಎಂಬ ನಾಟಕಕಾರನ ಜೊತೆ ಸೇರಿ ಪ್ಯಾರಿಸ್ಸಿನ ರಂಗಭೂಮಿಗೆ ಭಯಾನಕ ನಾಟಕಗಳನ್ನು ಬರೆದರು ಎಂದರೆ ನಂಬುತ್ತೀರಾ? 1911ರ ಅಕ್ಟೋಬರ್ 18ರಂದು ತೀರಿಕೊಂಡಾಗ ಅವರಿಗೆ 54 ವರ್ಷ.

ಸತ್ತವರ ಆಸ್ತಿಯನ್ನು ಹಂಚಿಕೊಳ್ಳುವಂತೆ ಪರೀಕ್ಷೆಯನ್ನು ಬೇರೆಯವರು ಎತ್ತಿಕೊಂಡರು. ಮರುವರ್ಷವೇ ಜರ್ಮನಿಯ ಸ್ಟರ್ನ್ ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸಿ ಐಕ್ಯೂ ಮಾಡಿದರು. ಅಮೆರಿಕದ ಟರ್ಮನ್ 1916ರಲ್ಲಿ ಅದನ್ನು ನೂರರಿಂದ ಗುಣಿಸಿ ಜನಪ್ರಿಯಗೊಳಿಸಿದರು. ಗಾಡರ್ಡ್ ಎಂಬುವರು ನ್ಯೂಯಾರ್ಕಿನ ಬಂದರಿಗೆ ಬಂದಿಳಿದ, ಇಂಗ್ಲಿಷ್ ಬಾರದ, ಹಡಗಿನ ಅಗ್ಗದ ದರ್ಜೆಯ ಪ್ರಯಾಣಿಕರಲ್ಲಿ ಕೆಲವರಿಗೆ ದುಭಾಷಿಗಳ ಮೂಲಕ ಈ ಪರೀಕ್ಷೆ ಮಾಡಿಸಿದರು. ಯಹೂದಿ, ಇಟಲಿ, ಹಂಗೇರಿ, ರಷ್ಯಾದವರಲ್ಲಿ ಹತ್ತಕ್ಕೆ ಎಂಟು ಮಂದಿ ಮಂದಬುದ್ಧಿಯವರು ಎಂದು ಪ್ರಕಟಿಸಿದರು. ವಾರಗಟ್ಟಲೆ ಸಮುದ್ರದ ಮೇಲೆ ಓಲಾಡಿ ಬಂದವರನ್ನು ನಿಲ್ಲಿಸಿ ಇವತ್ತು ತಾರೀಖು ಎಷ್ಟು ಎಂದು ಕೇಳಿದರೆ ಏನು ಹೇಳಬೇಕು? ಅವರ ಮಕ್ಕಳು ಮೊಮ್ಮಕ್ಕಳು ಅಮೆರಿಕದ ಶಾಲೆಗಳಲ್ಲಿ ಓದಿದ ಮೇಲೆ ಈ ಅಂತರ ಎಲ್ಲಿ ಹೋಯಿತೋ! ಸಿಮೋನ್ 1961ರವರೆಗೆ ಬದುಕಿದ್ದರು. ಐಕ್ಯೂ ಎಂಬುದು ತಮ್ಮ ಕೆಲಸದ ಉದ್ದೇಶಕ್ಕೆ ಬಗೆದ ದ್ರೋಹ ಎಂಬುದು ಮುಪ್ಪಿನಲ್ಲೂ ಅವರ ಅಭಿಪ್ರಾಯವಾಗಿತ್ತು.

ಬಿನೆ ಅನುಮಾನಪಟ್ಟದ್ದನ್ನು ನಂತರದವರು ಪ್ರಯೋಗ ಮಾಡಿ ನೋಡಿದ್ದಾರೆ. ಅವರದೇ ದೇಶದಲ್ಲಿ 1978ರಲ್ಲಿ ಶಿಫ್ ಮತ್ತು ಸಂಗಡಿಗರು ಕೂಲಿಕಾರರ ಮನೆಯಲ್ಲಿ ಹುಟ್ಟಿ, ಹಸುಗೂಸುಗಳಾಗಿದ್ದಾಗಲೇ ಅನುಕೂಲಸ್ಥರ ಮನೆಗೆ ದತ್ತು ಹೋದ 32 ಮಕ್ಕಳನ್ನು ಹುಡುಕಿದರು. ಅದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ ಬಡತನದಲ್ಲೇ ಬೆಳೆದ ಮಕ್ಕಳಿಗಿಂತ ಇವರ ಐಕ್ಯೂ ಸುಮಾರು 14 ಅಂಕ ಹೆಚ್ಚಿತ್ತು. ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ 1980ರ ದಶಕದಲ್ಲಿ ಬೆಳವಣಿಗೆ ಕುಂಠಿತವಾದ 129 ಕೂಸುಗಳಲ್ಲಿ ಕೆಲವರ ಮನೆಗೆ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಮ್ಮೆ ಎರಡು ವರ್ಷ ಹೋದರು. ಮನೆಯಲ್ಲಿ ಬಿದ್ದಿರುವ ಡಬ್ಬಿ, ಬಟ್ಟೆಯ ಚೂರುಗಳಿಂದ ಆಟಿಕೆ ಮಾಡಿ, ಮಗುವಿನ ಜೊತೆ ಮಾತಾಡುವುದನ್ನು ತಾಯಿಗೆ ತೋರಿಸಿಕೊಟ್ಟರು. ಬರೀ ಪೌಷ್ಟಿಕ ಆಹಾರ ಸಿಕ್ಕ ಮಕ್ಕಳ ಲಾಭ ಮುಂದೆ ಕರಗಿಹೋಯಿತು. ಆಟ ಮಾತು ಸಿಕ್ಕವರ ಲಾಭ ಉಳಿಯಿತು. ಇಪ್ಪತ್ತು ವರ್ಷದ ನಂತರ ಅವರ ದುಡಿಮೆಯೇ ಸುಮಾರು ಕಾಲು ಭಾಗ ಹೆಚ್ಚಿತ್ತು.

ನನ್ನವ್ವ ನಮ್ಮೂರ ಅಂಗನವಾಡಿಯಲ್ಲಿ ಸಹಾಯಕಿ. ಈ ಯೋಜನೆ 1975ರ ಗಾಂಧಿ ಜಯಂತಿಯಂದು ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಜಮೈಕಾದ ಕಥೆ ಹೇಳಿದಾಗ ಅವ್ವನಿಗೆ ಅಂಥ ಆಶ್ಚರ್ಯವೇನೂ ಆಗಲಿಲ್ಲ. ಮೊಟ್ಟೆಗೆ, ಹಾಲಿನ ಪುಡಿಗೆ, ತೂಕಕ್ಕೆ ರಿಜಿಸ್ಟರ್ ಇದೆ, ಕೂಸಿನ ಕೂಡ ಎಷ್ಟು ಮಾತಾಡಿದೆವು ಎನ್ನುವುದಕ್ಕೆ ರಿಜಿಸ್ಟರ್ ಇಲ್ಲ ಎಂದಳು. ಗೋವಾಕ್ಕೆ ಹೋದವರ ಮಕ್ಕಳ ಹೆಸರು ಅಲ್ಲಿಯೂ ಇರುವುದಿಲ್ಲ, ಇಲ್ಲಿಯೂ ಕಡಿದು ಹೋಗಿರುತ್ತದೆ ಎಂದೂ ಸೇರಿಸಿದಳು.

ಇನ್ನೊಂದು ತಪ್ಪು ಇದೆ. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಅರ್ಥಶಾಸ್ತ್ರಜ್ಞೆಯರು ಆರು ಏಳನೇ ತರಗತಿಯ ಹುಡುಗರಿಗೆ ದಾರಿ ಹುಡುಕುವ ಒಗಟು ಕೊಟ್ಟಿದ್ದರು. ಜಾತಿ ಹೇಳದಿದ್ದಾಗ ಮೇಲಿನ ಜಾತಿಯವರೂ ಕೆಳಗಿನ ಜಾತಿಯವರೂ ಸರಿಸುಮಾರು ಒಂದೇ ಸಮ ಬಿಡಿಸಿದರು. ಎಲ್ಲರೆದುರು ಹೆಸರಿನ ಜೊತೆ ಜಾತಿ ಕೂಗಿ ಹೇಳಿದ ಮೇಲೆ ಕೆಳಗಿನ ಜಾತಿಯ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಕುಸಿಯಿತು. ಪಡಸಾಲೆಯಲ್ಲಿ ನಾನು ಮೊದಲು ಗಟ್ಟಿಯಾಗಿ ಕೇಳಿದ ಪ್ರಶ್ನೆ ಯಾವುದು ಎಂಬುದು ನೆನಪಾಯಿತು. ಆ ಹುಡುಗ ನೆಲ ನೋಡಲು ಶುರುಮಾಡಿದ್ದು ಆಗಲೇ.

ಮೌಖಿಕ ಪರೀಕ್ಷೆಯಲ್ಲಿ ಬಿನೆಯ ಬಗ್ಗೆ ಏನೂ ಕೇಳಲಿಲ್ಲ. ಐಕ್ಯೂ ಸೂತ್ರ ಕೇಳಿದರು, ಹೇಳಿದೆ. ಹಾಸ್ಟೆಲ್ಲಿಗೆ ಬಂದು ಕಾರವಾರದ ಕಡೆಯ ಗೆಳತಿಗೆ ಈ ಕಥೆಯನ್ನೆಲ್ಲ ಹೇಳುತ್ತಿದ್ದೆ. ಹುಡುಗ ಬಣ್ಣದ ಪಟ್ಟಿ ನೋಡಿ ಗೊಣಗಿದ್ದನ್ನೂ ಅನುಕರಿಸಿ ತೋರಿಸಿದೆ. ತಾಂಬ್ಡೊ, ತಾಂಬ್ಡೊ ಎನ್ನುತ್ತಿದ್ದ. ಅವಳು ನನ್ನ ಮುಖ ನೋಡಿದಳು. ಕೊಂಕಣಿಯಲ್ಲಿ ತಾಂಬ್ಡೊ ಎಂದರೆ ಕೆಂಪು. ನಾನು ಹಿಡಿದಿದ್ದ ಪಟ್ಟಿ ಕೆಂಪೇ.

ಯುಗಾದಿಗೆ ಊರಿಗೆ ಹೋದಾಗ ಹುಡುಗ ಇನ್ನೂ ಇದ್ದ. ಈ ಸಲ ಪುಸ್ತಕ ಪೆನ್ನು ಒಯ್ಯಲಿಲ್ಲ. ಓಣಿಯ ಮಕ್ಕಳನ್ನೆಲ್ಲ ಸೇರಿಸಿ ಬಿನೆಯ ಆಟ ಆಡಿಸಿದೆ. ತುಂಬಿದ ತಂಬಿಗೆಯನ್ನು ಕಟ್ಟೆಯಿಂದ ಬೇವಿನ ಮರದವರೆಗೆ ಚೆಲ್ಲದೆ ಒಯ್ಯಬೇಕು. ಎದುರು ಮನೆಯ ಹುಡುಗಿ ಅರ್ಧ ಚೆಲ್ಲಿದಳು, ಫ್ರಾಕ್ ನೆನೆಯಿತು ಎಂದು ಅತ್ತಳು. ಇವನು ಒಂದು ಹನಿ ಚೆಲ್ಲದೆ ನಡೆದ. ಎಲ್ಲಿ ಕಲಿತೆ ಎಂದೆ. ಗೋವಾದಲ್ಲಿ ಮಾಳಿಗೆಯ ಮೇಲೆ ಕೆಲಸ ಮಾಡುವ ಅಪ್ಪನಿಗೆ ಕುಡಿಯುವ ನೀರನ್ನು ಮೆಟ್ಟಿಲು ಹತ್ತಿ ಕೊಡುತ್ತಿದ್ದನಂತೆ. ಮೂರನೇ ಮಾಳಿಗೆಗೆ, ಕಟಾಂಜನ ಇಲ್ಲದ ಮೆಟ್ಟಿಲು.

ಸಹಿ ಆದ ರೆಕಾರ್ಡ್ ಬುಕ್ಕಿನಲ್ಲಿ ತಿದ್ದುವಂತಿಲ್ಲ ಎಂದರು. ಹಾಗಾಗಿ ತಿದ್ದಿಲ್ಲ. ಬಣ್ಣದ ಪ್ರಶ್ನೆಯ ಪುಟದಲ್ಲಿ, ಸೊನ್ನೆಯ ಪಕ್ಕಕ್ಕೆ, ತಾಂಬ್ಡೊ ಎಂದರೆ ಕೆಂಪು ಎಂದು ಬರೆದ ಸಣ್ಣ ಚೀಟಿ ಅಂಟಿಸಿದ್ದೇನೆ. ನಿರ್ಣಯದ ಸಾಲಿನ ಪಕ್ಕ ಏನು ಬರೆದು ಅಂಟಿಸುವುದು ಎಂದು ಇನ್ನೂ ಯೋಚಿಸುತ್ತಿದ್ದೇನೆ. ಹುಡುಗನನ್ನು ಅವನ ಅಪ್ಪ ಮತ್ತೆ ಗೋವಾಕ್ಕೆ ಕರೆದುಕೊಂಡು ಹೋಗಿದ್ದಾರೆ. ಮಳೆ ಆದರೆ ಬಿತ್ತನೆಗೆ ಬರುತ್ತಾರಂತೆ.